ಮೊದಲ ಟೆಲಿಸ್ಕೋಪ್: ಕಣ್ಣಿಗೆ ಒಂದು, ಕ್ಯಾಮೆರಾಗೆ ಇನ್ನೊಂದು

ನೋಡುವುದಕ್ಕೂ ಫೋಟೋ ತೆಗೆಯುವುದಕ್ಕೂ ಒಂದೇ ಟೆಲಿಸ್ಕೋಪ್ ಹುಡುಕಬೇಡಿ. ನಾನು ಹೀಗೆ ಹೇಳಿದಾಗ ಜೊತೆಯವರು ಯಾರೂ ಒಪ್ಪಲಿಲ್ಲ. "ಎಂಟು ಇಂಚಿನ ನ್ಯೂಟೋನಿಯನ್ ತಗೊಂಡು ಇಕ್ವಟೋರಿಯಲ್ ಮೌಂಟ್ ಮೇಲೆ ಕೂರಿಸು, ಎರಡೂ ಆಗುತ್ತೆ" ಅಂದರು. ನ್ಯೂಟೋನಿಯನ್ ಅಂದರೆ ಕನ್ನಡಿಯ ಟೆಲಿಸ್ಕೋಪ್, ಇಕ್ವಟೋರಿಯಲ್ ಮೌಂಟ್ ಅಂದರೆ ನಕ್ಷತ್ರಗಳ ಚಲನೆಗೆ ತಕ್ಕಂತೆ ಅದನ್ನು ತಿರುಗಿಸುವ ಸ್ಟ್ಯಾಂಡ್. ನಾನು ಅಷ್ಟೇ ದುಡ್ಡಿನಲ್ಲಿ ಆರು ಇಂಚಿನ ಎಫ್/8 ಡಾಬ್ಸೋನಿಯನ್ (ಕೈಯಿಂದ ತಿರುಗಿಸುವ ಸರಳ ಕನ್ನಡಿ ಟೆಲಿಸ್ಕೋಪ್, ಚಿಕ್ಕದಾಗಿ ಡಾಬ್), ಒಂದು ಚಿಕ್ಕ ಸ್ಟಾರ್ ಟ್ರ್ಯಾಕರ್ (ಕ್ಯಾಮೆರಾವನ್ನು ನಕ್ಷತ್ರಗಳ ಜೊತೆ ತಿರುಗಿಸುವ ಯಂತ್ರ), ಬಳಸಿದ 135 ಎಂಎಂ ಲೆನ್ಸ್ ಕೊಂಡೆ. ಈಗ ನನ್ನ ಆಂಡ್ರೊಮೀಡಾ ಗ್ಯಾಲಕ್ಸಿಯ ಚಿತ್ರದಲ್ಲಿ ದೂಳಿನ ಪಟ್ಟಿಗಳು ಎದ್ದು ಕಾಣುತ್ತವೆ. ಅನುಮಾನ ಪಟ್ಟವರೇ ಸೆಟ್ಟಿಂಗ್ ಕೇಳುತ್ತಿದ್ದಾರೆ.

ಎಂಟು ಇಂಚಿನದನ್ನು ಸುಮ್ನೆ ಬೇಡ ಅನ್ನಲಿಲ್ಲ. ಗೆಳೆಯರಿಂದ ಎರವಲು ತಂದು ಕೆಲವು ತಿಂಗಳು ಪಟ್ಟಾಗಿ ದುಡಿಸಿದೆ. ಫೋಕಲ್ ಲೆಂತ್ 1000 ಎಂಎಂ, ನನ್ನ ಕ್ಯಾಮೆರಾದ ಪಿಕ್ಸೆಲ್ 3.76 ಮೈಕ್ರಾನ್. ಅಂದರೆ ಒಂದು ಪಿಕ್ಸೆಲ್‌ಗೆ ಸುಮಾರು 0.8 ಆರ್ಕ್ ಸೆಕೆಂಡ್ (ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲು ಒಂದು ಆರ್ಕ್ ಸೆಕೆಂಡ್). ಆ ಮೌಂಟಿನ ಗೇರ್ ಒಂದು ಸುತ್ತಿಗೆ ನಲವತ್ತು ಆರ್ಕ್ ಸೆಕೆಂಡ್‌ನಷ್ಟು ಅತ್ತಿತ್ತ ಹೊಯ್ದಾಡುತ್ತಿತ್ತು. ಲೆಕ್ಕ ಹಾಕಿ, ಐವತ್ತು ಪಿಕ್ಸೆಲ್! ಒಂದು ನಿಮಿಷದ ಫ್ರೇಮುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಸದ ಬುಟ್ಟಿಗೆ ಹೋದವು. ಸ್ವಲ್ಪ ಗಾಳಿ ಬೀಸಿದರೆ ಉಳಿದವೂ ಹೋದವು. ಇದನ್ನು ಸರಿಪಡಿಸಲು ಗೈಡ್ ಸ್ಕೋಪ್, ಗೈಡ್ ಕ್ಯಾಮೆರಾ (ಒಂದು ನಕ್ಷತ್ರವನ್ನು ನೋಡುತ್ತಾ ಮೌಂಟನ್ನು ತಿದ್ದುವ ಜೋಡಿ), ಲ್ಯಾಪ್‌ಟಾಪ್, ದೊಡ್ಡ ಬ್ಯಾಟರಿ ಬೇಕು. ಅಂಚಿನ ನಕ್ಷತ್ರಗಳಿಗೆ ಬಾಲ ಬರದಿರಲು ಕೋಮಾ ಕರೆಕ್ಟರ್ ಬೇರೆ. ಎಲ್ಲ ಸೇರಿಸಿದರೆ ಟ್ಯೂಬಿನ ಬೆಲೆಯನ್ನೂ ಮೀರುತ್ತದೆ. ಕೊಳ್ಳುವಾಗ ಈ ಲೆಕ್ಕ ಯಾರೂ ಹೇಳುವುದಿಲ್ಲ.

135 ಎಂಎಂನಲ್ಲಿ ಪಿಕ್ಸೆಲ್‌ಗೆ ಸುಮಾರು 5.7 ಆರ್ಕ್ ಸೆಕೆಂಡ್. ಪೋಲಾರ್ ಅಲೈನ್‌ಮೆಂಟ್ (ಟ್ರ್ಯಾಕರಿನ ಅಕ್ಷವನ್ನು ಆಕಾಶದ ಧ್ರುವದ ಕಡೆಗೆ ಹೊಂದಿಸುವುದು) ಪೂರ್ತಿ ಒಂದು ಡಿಗ್ರಿ ತಪ್ಪಿದರೂ ನಿಮಿಷಕ್ಕೆ ಹೆಚ್ಚೆಂದರೆ ಹದಿನಾರು ಆರ್ಕ್ ಸೆಕೆಂಡ್ ಜಾರುತ್ತದೆ, ಅಂದರೆ ಮೂರು ಪಿಕ್ಸೆಲ್ ಕೂಡ ಇಲ್ಲ. ಕಾಲು ಡಿಗ್ರಿಯೊಳಗೆ ತಂದರೆ ಒಂದು ಪಿಕ್ಸೆಲ್ಲೂ ಇಲ್ಲ. ಆ ಒಂದು ಡಿಗ್ರಿಯ ತಪ್ಪು 1000 ಎಂಎಂನಲ್ಲಿ ಇಪ್ಪತ್ತು ಪಿಕ್ಸೆಲ್ ಉದ್ದದ ಗೆರೆ ಎಳೆಯುತ್ತದೆ. ನನ್ನ ವಾದ ಪೂರ್ತಿ ನಿಂತಿರುವುದು ಈ ಲೆಕ್ಕದ ಮೇಲೆ.

ದುಡ್ಡನ್ನು ಹತ್ತು ಪಾಲು ಮಾಡಿದರೆ ಟ್ರ್ಯಾಕರ್ ಮತ್ತು ಟ್ರೈಪಾಡ್‌ಗೆ ನಾಲ್ಕು, ಡಾಬ್‌ಗೆ ಮೂರು, ಲೆನ್ಸ್‌ಗೆ ಎರಡು ಹೋಯಿತು. ಕೊನೆಯ ಪಾಲು ಡ್ಯೂ ಹೀಟರ್, ಬ್ಯಾಟರಿ, ಫೋಕಸ್ ಹಿಡಿಯಲು ನೆರವಾಗುವ ಬಾಹ್ಟಿನೋವ್ ಮಾಸ್ಕ್‌ಗೆ. ಹೀಟರ್‌ನಲ್ಲಿ ಜಿಪುಣತನ ಬೇಡ. ಇಬ್ಬನಿ ಕೂತರೆ ಆ ರಾತ್ರಿ ಅಲ್ಲಿಗೇ ಮುಗಿಯಿತು.

ಲೆನ್ಸನ್ನು ಎಫ್/2ರಲ್ಲಿ ಬಿಟ್ಟರೆ ಮೂಲೆಯ ನಕ್ಷತ್ರಗಳಿಗೆ ರೆಕ್ಕೆ ಬರುತ್ತವೆ, ಎಫ್/2.8ರಲ್ಲಿ, ಅಂದರೆ ಬೆಳಕಿನ ಕಿಂಡಿ ಸ್ವಲ್ಪ ಕಿರಿದು ಮಾಡಿದರೆ, ನೆಟ್ಟಗಾಗುತ್ತವೆ. ರಾತ್ರಿ ತಂಪಾದಂತೆ ಫೋಕಸ್ ಸರಿಯುತ್ತದೆ, ಆಗಾಗ ನೋಡಿಕೊಳ್ಳಬೇಕು. ಫೋಕಸ್ ರಿಂಗ್ ಅಲುಗದಂತೆ ನಾನೊಂದು ಉಪಾಯ ಮಾಡಿಕೊಂಡಿದ್ದೇನೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ಒಂದು ನಿಮಿಷದ ಫ್ರೇಮುಗಳು ನೂರೈವತ್ತರ ಹತ್ತಿರ ಸೇರಿದರೆ, ಚಿತ್ರ ಸಂಸ್ಕರಣೆಯ ತಂತ್ರಾಂಶ ಸಿರಿಲ್‌ನಲ್ಲಿ ಸ್ಟ್ಯಾಕ್ ಮಾಡಿದಾಗ (ಒಂದರ ಮೇಲೊಂದು ಪೇರಿಸಿದಾಗ) ಸಿಗ್ನಲ್ಲಿಗೂ ನಾಯ್ಸಿಗೂ ಇರುವ ಅನುಪಾತ ಒಂದೇ ಫ್ರೇಮಿಗಿಂತ ಸುಮಾರು ಹನ್ನೆರಡು ಪಟ್ಟು ಉತ್ತಮವಾಗುತ್ತದೆ. ಮಾಡಿಫೈ ಮಾಡದ ಕ್ಯಾಮೆರಾದ ಫಿಲ್ಟರ್ ಹೈಡ್ರೋಜನ್ ಆಲ್ಫಾದ 656 ನ್ಯಾನೋಮೀಟರ್ ಬೆಳಕನ್ನು ಬಹುಪಾಲು ತಡೆಯುತ್ತದೆ. ಹಾಗಾಗಿ ಆ ಬೆಳಕಲ್ಲೇ ಹೊಳೆಯುವ ಮಸುಕಾದ ಕೆಂಪು ನೆಬ್ಯುಲಾಗಳ (ಅನಿಲದ ಮೋಡಗಳ) ಹಿಂದೆ ಬೀಳದೆ ಆಂಡ್ರೊಮೀಡಾ, ಕೃತ್ತಿಕೆ, ಒರಾಯನ್‌ನಿಂದ ಶುರು ಮಾಡಿದೆ.

ಮಧ್ಯೆ ಒಂದು ಪ್ರಯೋಗವನ್ನೂ ಮಾಡಿದೆ. ಡಾಬ್‌ಗೆ ಮೋಟಾರ್ ಇಲ್ಲ, ಅದರಲ್ಲಿ ಗ್ರಹದ ಫೋಟೋ ಆಗಲ್ಲ ಅನ್ನುತ್ತಾರಲ್ವಾ? ಎರಡು ಪಟ್ಟು ದೊಡ್ಡದು ಮಾಡುವ ಬಾರ್ಲೋ ಲೆನ್ಸ್ ಹಾಕಿ, ಪುಟ್ಟ ಸೆನ್ಸರಿನ ಕ್ಯಾಮೆರಾ ಇಟ್ಟು, ಗುರುವನ್ನು ಅದರ ಪಾಡಿಗೆ ಸರಿಯಲು ಬಿಟ್ಟೆ. ಅರ್ಧ ನಿಮಿಷದಲ್ಲಿ ಫ್ರೇಮ್ ದಾಟುತ್ತದೆ. ಮತ್ತೆ ಹಿಂದಕ್ಕೆ ತಂದು ಇನ್ನೊಂದು ವಿಡಿಯೋ. ಗುರು ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗುವುದರಿಂದ ಮೂರು ನಿಮಿಷದೊಳಗೆ ಎಲ್ಲ ಮುಗಿಸಬೇಕು. ಪಿಐಪಿಪಿ ಎಂಬ ತಂತ್ರಾಂಶದಲ್ಲಿ ಗ್ರಹವನ್ನು ನಡುವಿಗೆ ತಂದು, ಇನ್ನೊಂದು ತಂತ್ರಾಂಶ ಆಟೋಸ್ಟ್ಯಾಕರ್ಟ್‌ನಲ್ಲಿ ಫ್ರೇಮುಗಳ ಪೈಕಿ ಒಳ್ಳೆಯ ಕಾಲು ಭಾಗ ಮಾತ್ರ ಉಳಿಸಿದೆ. ಪಟ್ಟೆಗಳಷ್ಟೇ ಅಲ್ಲ, ಕೆಂಪು ಚುಕ್ಕೆಯೂ ಬಂತು!

ಈ ಜೋಡಿಗೆ ಮಿತಿ ಇದೆ. ರಿಂಗ್ ನೆಬ್ಯುಲಾ 135ರಲ್ಲಿ ಹದಿನೈದು ಪಿಕ್ಸೆಲ್‌ನಷ್ಟೇ ಅಗಲ ಬರುತ್ತದೆ. ಅದನ್ನು ಡಾಬ್‌ನಲ್ಲಿ 120 ಪಟ್ಟು ದೊಡ್ಡದು ಮಾಡಿ ಕಣ್ಣಿಂದಲೇ ನೋಡಿ, ಸೊಗಸಾಗಿರುತ್ತದೆ. ನಾನು ಮುಂದೆ ಇದೇ ಟ್ರ್ಯಾಕರ್ ಮೇಲೆ 60 ಎಂಎಂನ ಚಿಕ್ಕ ಅಪೋ (ಬಣ್ಣ ಚೆದುರದಂತೆ ಮಾಡಿದ ಲೆನ್ಸಿನ ಟೆಲಿಸ್ಕೋಪ್) ಕೂರಿಸುತ್ತೇನೆ, 360 ಎಂಎಂ ಫೋಕಲ್ ಲೆಂತ್‌ನದು. ಕ್ಯಾಮೆರಾ ಸೇರಿ ತೂಕ ಟ್ರ್ಯಾಕರಿನ ಮಿತಿಯೊಳಗೇ ಇದೆ. ಪಿಕ್ಸೆಲ್‌ಗೆ ಸುಮಾರು 2.2 ಆರ್ಕ್ ಸೆಕೆಂಡ್ ಆಗುವುದರಿಂದ ಪೋಲಾರ್ ಅಲೈನ್‌ಮೆಂಟ್ ಮಾತ್ರ ಇನ್ನಷ್ಟು ಬಿಗಿ ಮಾಡಬೇಕು. ಇದೂ ಆಗಲ್ಲ ಅಂತ ಆಗಲೇ ಒಬ್ಬರು ಹೇಳಿದ್ದಾರೆ.