ಓಣಿಯ ನಲವತ್ತು ಜನರಿಗೆ ಬಾಯಿ ತೆರೆಯಲು ಕಲಿಸುವುದು ಹೇಗೆ?

ಧಾರವಾಡದ ಸಪ್ತಾಪುರದಲ್ಲಿ ಒಂದು ಮನೆಯ ಗೇಟಿಗೆ ‘ಬಾಡಿಗೆಗೆ ಇದೆ’ ಎಂಬ ಫಲಕ ಕಟ್ಟಿತ್ತು. ಮಣಿಪುರದಿಂದ ಓದಲು ಬಂದ ಇಬ್ಬರು ಹುಡುಗಿಯರು ಬಂದು ಕೇಳಿದರು. ಮಾಲೀಕರು ಅವರ ಮುಖ ನೋಡಿ ‘ಈಗಷ್ಟೇ ಕೊಟ್ಟಾಯಿತು’ ಎಂದರು. ಅವರು ತಿರುವು ದಾಟಿದ ಮೇಲೆ ನನ್ನ ಕಡೆ ತಿರುಗಿ, ‘ಈ ಚೀನಾದವರಿಗೆ ಯಾರು ಮನೆ ಕೊಡುತ್ತಾರೆ ಸರ್’ ಎಂದು ನಕ್ಕರು. ಹದಿನೈದು ವರ್ಷಗಳ ಪರಿಚಯ. ನಾನು ಏನೂ ಹೇಳಲಿಲ್ಲ. ಮರುದಿನವೂ ಫಲಕ ಅಲ್ಲೇ ಇತ್ತು.

ಯಾವ ಓಣಿಯಲ್ಲೂ ಹೀಯಾಳಿಸುವವರು ನಾಲ್ಕು ಜನ, ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವವರು ನಲವತ್ತು. ತಿಳಿವಳಿಕೆಯ ಕೆಲಸ ಮಾಡುವುದಾದರೆ ಈ ನಲವತ್ತು ಜನರ ನಡುವೆ ಮಾಡಬೇಕು ಎಂದು ಅಂದು ಅನ್ನಿಸಿತು. ಆಮೇಲೆ ಹುಬ್ಬಳ್ಳಿ-ಧಾರವಾಡದ ಕೆಲವು ಓಣಿಗಳಲ್ಲಿ ಗೆಳೆಯರೊಡನೆ, ಮುಖ, ಬಣ್ಣ ನೋಡಿ ಹೀಯಾಳಿಸುವುದರ ವಿರುದ್ಧ ತಿಳಿವಳಿಕೆಯ ಸಂಜೆಗಳನ್ನು ನಡೆಸಿದೆ. ಹೇಗೆ ನಡೆಸಬಹುದು ಎಂಬುದನ್ನು ಆ ಅನುಭವದಿಂದಲೇ ಬರೆಯುತ್ತಿದ್ದೇನೆ.

ಯಾರನ್ನು ಕರೆಯಬೇಕು?

ಬ್ಯಾನರ್, ಹಾರ, ಮುಖ್ಯ ಅತಿಥಿ ಯಾವುದೂ ಬೇಡ. 20ರಿಂದ 25 ಜನ, ಒಂದು ಶಾಲೆಯ ಕೋಣೆ, ಚಹಾ ಸಾಕು. ಗುಡಿಯ ಕಟ್ಟೆ ಅನುಕೂಲವೇ, ಆದರೆ ಅಲ್ಲಿಗೆ ಬರಲು ಹಿಂಜರಿಯುವವರು ಪ್ರತಿ ಓಣಿಯಲ್ಲೂ ಇರುತ್ತಾರೆ. ಬಾಡಿಗೆ ಮನೆ ಉಳ್ಳವರು, ಪಿ.ಜಿ. ನಡೆಸುವವರು, ಆಟೋ ನಿಲ್ದಾಣದವರು, ಕಿರಾಣಿ ಅಂಗಡಿಯವರು, ಸ್ತ್ರೀಶಕ್ತಿ ಸಂಘದವರು, ಗಣೇಶೋತ್ಸವ ಮಂಡಳಿಯ ಹುಡುಗರು ಬರಲೇಬೇಕು. ಹೊರಗಿನಿಂದ ಬಂದವರಿಗೆ ದಿನವೂ ಎದುರಾಗುವವರು ಇವರೇ.

ಚೀಟಿಗಳಿಂದ ಆರಂಭಿಸಿ

ಭಾಷಣದಿಂದ ಆರಂಭಿಸಿದರೆ ಜನ ಹತ್ತು ನಿಮಿಷಕ್ಕೆ ಗಡಿಯಾರ ನೋಡುತ್ತಾರೆ. ಎಲ್ಲರಿಗೂ ಒಂದೊಂದು ಚೀಟಿ ಕೊಡಿ. ಒಬ್ಬರ ಬಣ್ಣ, ಮುಖ, ಕೂದಲು ನೋಡಿ ಆಡಿದ, ತಾವು ಕಿವಿಯಾರೆ ಕೇಳಿದ ಮಾತನ್ನು ಬರೆಯಲಿ. ಆಡಿದವರ ಹೆಸರು ಬೇಡ, ಬರೆದವರ ಹೆಸರೂ ಬೇಡ. ಬರೆಯಲು ಬಾರದವರಿಗೆ ಪಕ್ಕದವರು ನೆರವಾಗಲಿ. ಆಮೇಲೆ ಒಬ್ಬರು ನಿಧಾನವಾಗಿ, ಟೀಕೆ ಸೇರಿಸದೆ ಓದಲಿ.

‘ಚಿಂಕಿ’, ‘ನೇಪಾಳಿ’, ‘ಹಬ್ಸಿ’, ‘ಕಾಗೆ’ ಎಂಬ ಮಾತುಗಳು ಬರುತ್ತವೆ. 2020ರಲ್ಲಿ ಈಶಾನ್ಯದ ಮಕ್ಕಳನ್ನು ಬೀದಿಯಲ್ಲಿ ‘ಕೊರೊನಾ’ ಎಂದು ಕರೆದದ್ದು ಬರುತ್ತದೆ. ‘ಓದಿನಲ್ಲಿ ಜಾಣೆ, ಆದರೆ ಬಣ್ಣ ಸ್ವಲ್ಪ ಕಡಿಮೆ’ ಎಂಬ, ನೆಂಟರ ಬಾಯಿಂದಲೇ ಬಂದ ಮಾತೂ ಬರುತ್ತದೆ. ಒಂದು ಸಂಜೆ ಬಂದ ಚೀಟಿ ನನಗೆ ಮರೆಯದು: ‘ಆ ಜಾತಿಯವರಂತೆ ಕಾಣುವುದಿಲ್ಲ, ಬೆಳ್ಳಗಿದ್ದಾರೆ.’ ಮೊದಲಿಗೆ ಒಬ್ಬಿಬ್ಬರು ನಗುವುದುಂಟು. ಗದರಬೇಡಿ. ಹತ್ತನೆಯ ಚೀಟಿಯ ಹೊತ್ತಿಗೆ ಕೋಣೆ ತಾನಾಗಿ ಸ್ತಬ್ಧವಾಗುತ್ತದೆ.

‘ಇದೆಲ್ಲ ಅಮೆರಿಕದ ರೋಗ, ನಮ್ಮಲ್ಲಿ ಇರುವುದು ಜಾತಿ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆಗ ‘ಆ ಜಾತಿಯವರಂತೆ ಕಾಣುವುದಿಲ್ಲ’ ಎಂಬಂಥ ಚೀಟಿಯನ್ನು ಇನ್ನೊಮ್ಮೆ ಓದಿಸಿ. ಬಣ್ಣ ನೋಡಿ ಜಾತಿ ಊಹಿಸುವ ಕಣ್ಣೇ ಮುಖ ನೋಡಿ ದೇಶ ಊಹಿಸುತ್ತದೆ. ‘ವರ್ಣಭೇದ’ ಎಂಬ ಪದವೂ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಮಣಿಪುರದ ಹುಡುಗಿ ನಮಗಿಂತ ಬೆಳ್ಳಗಿದ್ದರೂ ಅವಮಾನ ತಪ್ಪುವುದಿಲ್ಲ. ಅಲ್ಲಿ ಹೀಯಾಳಿಕೆಗೆ ಗುರಿಯಾಗುವುದು ಕಣ್ಣು, ಮೂಗು, ಊರು. ಆದ್ದರಿಂದ ‘ಜನಾಂಗೀಯ ನಿಂದನೆ’ ಎಂಬ ಪದವನ್ನೇ ಬಳಸಿ.

ಎರೆ ಹೊಲ ಮತ್ತು ಸೊಸೆಯ ಬಣ್ಣ

ವಿಜ್ಞಾನಕ್ಕೆ ಐದು ನಿಮಿಷ ಸಾಕು. ಚರ್ಮದ ಬಣ್ಣ ಬರುವುದು ಮೆಲನಿನ್ ಎಂಬ ವಸ್ತುವಿನಿಂದ. ಬಿಸಿಲು ಹೆಚ್ಚಿರುವ ನಾಡುಗಳಲ್ಲಿ ತಲೆಮಾರುಗಳಿಂದ ಬಾಳಿದವರಲ್ಲಿ ಅದು ಹೆಚ್ಚು, ಏಕೆಂದರೆ ಅದು ಸೂರ್ಯನ ಅತಿನೇರಳೆ ಕಿರಣಗಳಿಂದ ಮೈಯನ್ನು ಕಾಯುತ್ತದೆ. ಯಾವುದೇ ಇಬ್ಬರು ಮನುಷ್ಯರ ವಂಶವಾಹಿಗಳು ಸುಮಾರು ಶೇ 99.9ರಷ್ಟು ಒಂದೇ ಆಗಿರುತ್ತವೆ.

ಜನರ ಮನಸ್ಸಿಗೆ ನಾಟುವುದು ಮಾತ್ರ ಹೊಲದ ಮಾತು. ಗದಗ, ನವಲಗುಂದದ ಕಡೆ ಎರೆ ಹೊಲ ಇದೆ ಎಂದರೆ ಮದುವೆಯ ಮಾತುಕತೆಗೆ ತೂಕ ಬರುತ್ತದೆ. ಹತ್ತಿ, ಕಡಲೆ, ಬಿಳಿಜೋಳ ಬೆಳೆಯುವ ಕಪ್ಪು ಮಣ್ಣಿಗೆ ಕೈ ಮುಗಿಯುವವರೇ, ಆ ಮನೆಗೆ ಬರುವ ಸೊಸೆ ಬೆಳ್ಳಗಿರಲಿ ಎನ್ನುತ್ತಾರೆ. ಇದನ್ನು ಕೇಳಿ ಒಬ್ಬ ಅಜ್ಜಿ ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡಿದ್ದರು.

ಸಿದ್ದಿಗಳ ಕತೆಯನ್ನು ಪೂರ್ತಿ ಹೇಳಿ

ಇಲ್ಲಿ ಅವಸರ ಬೇಡ. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿಗಳು ನಮ್ಮ ನೆರೆಯವರು. ನಮ್ಮದೇ ಕಲಘಟಗಿ ತಾಲ್ಲೂಕಿನಲ್ಲೂ ಇದ್ದಾರೆ. ಅವರ ಪೂರ್ವಿಕರನ್ನು ಆಫ್ರಿಕಾದ ಪೂರ್ವ ಭಾಗದಿಂದ ಅರಬ್ ಮತ್ತು ಪೋರ್ಚುಗೀಸ್ ವ್ಯಾಪಾರಿಗಳು ಗುಲಾಮರನ್ನಾಗಿ, ಸೈನಿಕರನ್ನಾಗಿ ತಂದರು. ಗೋವಾದ ಗುಲಾಮಗಿರಿಯಿಂದ ತಪ್ಪಿಸಿಕೊಂಡ ಅನೇಕರು ಘಟ್ಟದ ಕಾಡು ಸೇರಿದರು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ.

‘ಹಬ್ಸಿ’ ಎಂಬುದು ಇಥಿಯೋಪಿಯಾದ ಹಳೆಯ ಹೆಸರಿನಿಂದ ಬಂದ ಪದ. ನಾವು ಶಾಲಾ ಪ್ರವಾಸದಲ್ಲಿ ನೋಡಿಬಂದ ಗೋಳಗುಮ್ಮಟ ಮುಹಮ್ಮದ್ ಆದಿಲ್‌ಶಾಹನ ಸಮಾಧಿ. ಅವನ ಆಸ್ಥಾನದ ಪ್ರಬಲ ಮಂತ್ರಿ ಇಖ್ಲಾಸ್ ಖಾನ್ ಆಫ್ರಿಕಾ ಮೂಲದವನು. ಅಹಮದ್‌ನಗರ ರಾಜ್ಯವನ್ನು ಮೊಘಲರಿಂದ ವರ್ಷಗಟ್ಟಲೆ ಕಾಪಾಡಿದ ಮಲಿಕ್ ಅಂಬರ್ ಗುಲಾಮನಾಗಿ ಮಾರಾಟವಾಗಿದ್ದ ಇಥಿಯೋಪಿಯಾದ ಹುಡುಗ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಆ ಸಮುದಾಯದಿಂದ ರಾಜ್ಯದ ಶಾಸನಸಭೆ ಪ್ರವೇಶಿಸಿದ ಮೊದಲಿಗರಾದರು.

ಸಿದ್ದಿ ಸಮುದಾಯದವರನ್ನೇ ಮಾತಿಗೆ ಕರೆಯುವುದಾದರೆ ಒಂದು ಕಟ್ಟುನಿಟ್ಟಿನ ಮಾತು: ಕರೆದು ಕುಣಿಸಬೇಡಿ. ಸಿದ್ದಿಗಳೆಂದರೆ ಡಮಾಮಿ ಕುಣಿತ, ಮುಗಿಯಿತು ಎಂಬ ಅಭ್ಯಾಸ ನಮ್ಮ ವೇದಿಕೆಗಳಿಗೆ ಅಂಟಿದೆ. ಅವರ ಓದು, ಉದ್ಯೋಗ, ಜಮೀನಿನ ಬಗ್ಗೆ ಅವರೇ ಆರಿಸಿಕೊಂಡದ್ದನ್ನು ಮಾತನಾಡಲಿ. ಬಸ್ ಖರ್ಚು, ಗೌರವಧನ ಮೊದಲೇ ಕೊಡಿ. ‘ಯಾವ ಊರು?’ ಎಂದು ಕೇಳುವುದು ನಮ್ಮ ಕಡೆ ಸೌಜನ್ಯವೇ. ‘ಯಲ್ಲಾಪುರ’ ಎಂದ ಮೇಲೆ ‘ಅದಲ್ಲ, ಮೂಲ ಯಾವ ದೇಶ?’ ಎಂಬ ಎರಡನೆಯ ಪ್ರಶ್ನೆ ಚುಚ್ಚುತ್ತದೆ.

ಬಾಯಿ ತೆರೆಯುವ ತಾಲೀಮು

ಇಡೀ ಸಂಜೆಯ ಅರ್ಧ ಹೊತ್ತನ್ನು ಇದಕ್ಕೆ ಇಡಿ. ಎಂಟು ಕುರ್ಚಿ ಹಾಕಿ, ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ ಎಂದು ತಿಳಿಯಿರಿ. ಒಬ್ಬರು ಈಶಾನ್ಯದ ವಿದ್ಯಾರ್ಥಿನಿ, ಇಬ್ಬರು ಕೀಟಲೆ ಮಾಡುವವರು, ಉಳಿದವರು ಪ್ರಯಾಣಿಕರು. ಎಲ್ಲರೂ ಪಾತ್ರ ಬದಲಿಸಿಕೊಂಡು ಮೂರು ಸಲ ಆಡಲಿ.

ಹೆಚ್ಚಿನವರು ಮೊದಲ ಸಲ ಹುಡುಗರ ಮೇಲೆ ಏರಿಹೋಗುತ್ತಾರೆ. ಜಗಳ ಬೆಳೆಯುತ್ತದೆ, ಆ ಹುಡುಗಿ ಇನ್ನಷ್ಟು ಕುಗ್ಗುತ್ತಾಳೆ. ಮೊದಲ ಮಾತು ಅವಳೊಂದಿಗೇ ಇರಲಿ: ‘ಬಾ ತಂಗಿ, ಇಲ್ಲಿ ಕೂಡು.’ ಆಮೇಲೆ ಹುಡುಗರಿಗೆ, ದನಿ ಏರಿಸದೆ: ‘ತಮ್ಮಾ, ಅವರಿಗೆ ಹೆಸರಿದೆ. ಹಾಗೆ ಕರೆಯಬಾರದು.’ ಹಿರಿಯರು ಆಡಿದರೆ, ‘ಕಾಕಾ, ನನ್ನ ಮುಂದೆ ಆ ಮಾತು ಬೇಡ.’ ಇಷ್ಟನ್ನು ಬಾಯಿಪಾಠ ಮಾಡಿಸಿ, ಏಕೆಂದರೆ ಆ ಗಳಿಗೆಯಲ್ಲಿ ನಾಲಿಗೆ ಒಣಗುತ್ತದೆ. ಅವಳನ್ನು ಕೇಳದೆ ಮೊಬೈಲ್‌ನಲ್ಲಿ ಚಿತ್ರೀಕರಿಸಬಾರದು. ಕೈ ಮಾಡುವ ಹಂತಕ್ಕೆ ಹೋದರೆ ಚಾಲಕರಿಗೆ ಹೇಳಿ 112ಕ್ಕೆ ಕರೆ ಮಾಡಬೇಕು.

ಕಾನೂನು, ಮೊಬೈಲ್, ಬಾಡಿಗೆ

ಸಂವಿಧಾನದ 15ನೇ ವಿಧಿ ಜನಾಂಗ, ಜಾತಿ, ಹುಟ್ಟಿದ ಸ್ಥಳದ ಆಧಾರದ ಮೇಲೆ ಅಂಗಡಿ, ಹೋಟೆಲ್ ಪ್ರವೇಶ ತಡೆಯುವುದನ್ನು ನಿಷೇಧಿಸಿದೆ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ, ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳವರಿಗೆ 2020ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದೆ. ಆದ್ದರಿಂದ ಸಾರ್ವಜನಿಕವಾಗಿ ಅವರನ್ನು ಉದ್ದೇಶಪೂರ್ವಕ ಅವಮಾನಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಅನ್ವಯವಾಗುತ್ತದೆ. ಸಹಾಯವಾಣಿ 14566.

ಮೊಬೈಲ್‌ನ ವದಂತಿಯ ಬಗ್ಗೆಯೂ ಎಚ್ಚರಿಸಿ. 2012ರ ಆಗಸ್ಟ್‌ನಲ್ಲಿ, ತಮ್ಮ ಮೇಲೆ ದಾಳಿ ನಡೆಯುತ್ತದೆ ಎಂಬ ಅಂಥ ವದಂತಿಗಳಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದ್ದರು.

ಬಾಡಿಗೆಯ ವಿಷಯವೇ ಎಲ್ಲಕ್ಕಿಂತ ಕಠಿಣ. ಮುಂಗಡ, ಬಾಡಿಗೆ, ಗೇಟು ಮುಚ್ಚುವ ವೇಳೆಯನ್ನು ಮಾಲೀಕರು ಬರೆದು ಹಚ್ಚಲಿ, ಬಂದವರೆಲ್ಲರಿಗೂ ಅದೇ ನಿಯಮ ಇರಲಿ ಎಂದು ಕೇಳಿಕೊಳ್ಳುತ್ತೇವೆ. ಕೆಲವರು ಒಪ್ಪಿದ್ದಾರೆ. ಸಪ್ತಾಪುರದ ಆ ಪರಿಚಯಸ್ಥರ ಬಳಿ ಮೂರು ಸಲ ಹೋಗಿದ್ದೇನೆ. ಇನ್ನೂ ಒಪ್ಪಿಲ್ಲ, ಮತ್ತೆ ಹೋಗುತ್ತೇನೆ.

ತಿಂಗಳ ನಂತರ ಮತ್ತೆ ಸೇರಿ

ಒಂದೇ ಸಂಜೆಗೆ ನಿಲ್ಲಿಸಿದರೆ ಚಹಾ ಕುಡಿದಷ್ಟೇ ಲಾಭ. ತಿಂಗಳಾದ ಮೇಲೆ ಅದೇ ಜನರನ್ನು ಸೇರಿಸಿ, ಎಲ್ಲಿ ಮಾತನಾಡಿದಿರಿ, ಎಲ್ಲಿ ಸುಮ್ಮನಿದ್ದಿರಿ ಎಂದು ಕೇಳಿ. ಸುಮ್ಮನಿದ್ದುದನ್ನು ಒಪ್ಪಿಕೊಂಡವರನ್ನು ನೋಯಿಸಬೇಡಿ. ಮುಂದಿನ ತಾಲೀಮಿಗೆ ಸನ್ನಿವೇಶಗಳು ಸಿಗುವುದು ಅವರಿಂದಲೇ.

ಹುಬ್ಬಳ್ಳಿಯ ಒಂದು ಓಣಿಯಲ್ಲಿ ಎರಡನೆಯ ಸಭೆಗೆ ಕಿರಾಣಿ ಅಂಗಡಿಯ ಅಕ್ಕ ಉದ್ರಿ ಪುಸ್ತಕ ಹಿಡಿದು ಬಂದಿದ್ದರು. ಹತ್ತಿರದ ಹೋಟೆಲಿನಲ್ಲಿ ಕೆಲಸಕ್ಕಿದ್ದ ಹುಡುಗನ ಲೆಕ್ಕವನ್ನು ಎರಡು ವರ್ಷಗಳಿಂದ ‘ಚೀನಿ ಹುಡುಗ’ ಎಂಬ ತಲೆಬರಹದಡಿ ಬರೆಯುತ್ತಿದ್ದರಂತೆ. ಪುಟ ತೆರೆದು ತೋರಿಸಿದರು. ಆ ಎರಡು ಪದಗಳ ಮೇಲೆ ಗೆರೆ ಎಳೆದಿತ್ತು. ಕೆಳಗೆ ಅವನ ಹೆಸರಿತ್ತು, ಅವನ ಕೈಯಿಂದಲೇ ಬರೆಸಿದ್ದರು.