ಡೊಂಬಿವ್ಲಿಯಿಂದ ಹರ್ ಕಿ ದೂನ್‌ಗೆ: ಒಂದು ನದಿ ಹಿಡಿದು ಹೊರಡಿ

ಮುಂಬೈಯವರು ಹಿಮಾಲಯದ ಚಾರಣಕ್ಕೆ ಹೊರಡುವ ರೀತಿ ನಮಗೆಲ್ಲ ಗೊತ್ತು. ಶುಕ್ರವಾರ ಆಫೀಸು ಮುಗಿಸಿ ವಿಮಾನ ಹತ್ತುವುದು, ಮರುದಿನ ಹತ್ತು ಗಂಟೆ ಜೀಪಿನಲ್ಲಿ ಕುಲುಕಾಡುವುದು, ನಾಲ್ಕು ದಿನ ನಡೆಯುವುದು, ಅದೇ ದಾರಿಯಲ್ಲಿ ವಾಪಸ್. ನಾನೂ ಮೊದಲ ಸಲ ಹಾಗೇ ಹೋಗಿದ್ದೆ. ಕರೆದುಕೊಂಡು ಹೋದವರು ದಾರಿಯಲ್ಲಿ ಹನೋಲ್ ದೇವಸ್ಥಾನ ತೋರಿಸುತ್ತೇವೆ ಎಂದಿದ್ದರು. ಗಾಡಿ ಆ ದಿಕ್ಕಿಗೇ ಹೋಗಲಿಲ್ಲ. ತಿರುವುಗಳಿಗೆ ಹೊಟ್ಟೆ ತೊಳಸಿ ನಾನು ಕಿಟಕಿಗೆ ತಲೆ ಕೊಟ್ಟು ಕೂತಿದ್ದೆ. ಪರ್ವತ ಕಂಡಿತು, ಊರು ಕಾಣಲಿಲ್ಲ.

ಎರಡನೇ ಸಲ ಯೋಜನೆ ನಾವೇ ಹಾಕಿದೆವು. ಉತ್ತರಾಖಂಡದ ಹರ್ ಕಿ ದೂನ್ ಕಣಿವೆಗೆ, ತೋನ್ಸ್ ನದಿಯನ್ನು ಕೆಳಗಿನಿಂದ ಮೇಲಕ್ಕೆ ಹಿಂಬಾಲಿಸಿ. ನೋಡಬೇಕಾದ ಊರು, ಗುಡಿ, ಶಾಸನ ಎಲ್ಲವೂ ಆ ನೀರಿನ ಸುತ್ತಮುತ್ತಲೇ ಇವೆ. ಮೇಲಾಗಿ ಸಮುದ್ರ ಮಟ್ಟದಿಂದ ಹೊರಟ ನಮ್ಮ ದೇಹಕ್ಕೆ ಎತ್ತರ ನಿಧಾನವಾಗಿ ಪರಿಚಯವಾಗುತ್ತದೆ. ಅದಕ್ಕೇ ನನ್ನ ಸಲಹೆ ಇಷ್ಟು: ದೇವಸ್ಥಾನ ನೋಡುವುದನ್ನು ಚಾರಣ ಮುಗಿದ ಮೇಲಿನ ಬೋನಸ್ ಮಾಡಬೇಡಿ, ಮೊದಲೇ ಇಡಿ.

ಮೊದಲು ರಜೆ ಎಣಿಸಿ

ಶುಕ್ರವಾರ ಸಂಜೆ ಹೊರಟು, ಎರಡು ವಾರಾಂತ್ಯ ದಾಟಿ, ಮುಂದಿನ ವಾರದ ಬುಧವಾರ ವಿಮಾನದಲ್ಲಿ ವಾಪಸಾದರೆ 8 ದಿನ ರಜೆ ಸಾಕು. ರೈಲಿನಲ್ಲಿ ಬರುವುದಾದರೆ 9. ಇದಕ್ಕಿಂತ ಕಡಿಮೆ ರಜೆ ಇದ್ದರೆ ಈ ದಾರಿ ಬೇಡ, ಬೇರೆ ಚಿಕ್ಕ ಚಾರಣ ನೋಡಿ.

ತಿಂಗಳು ಯಾವುದು? ಏಪ್ರಿಲ್ ಮಧ್ಯದಿಂದ ಜೂನ್ ಮೊದಲ ಭಾಗದವರೆಗೆ ಒಂದು ಕಾಲ, ಮಳೆ ನಿಂತ ಮೇಲೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಇನ್ನೊಂದು. ಜುಲೈ, ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುತ್ತದೆ, ಆ ಸಾಹಸ ಬೇಡ. ಮಕ್ಕಳ ಶಾಲೆ ನೋಡಿಕೊಳ್ಳುವವರಿಗೆ ಮೇ ತಿಂಗಳೇ ಗತಿ. ನನ್ನ ಆಯ್ಕೆ ಅಕ್ಟೋಬರ್. ಗಣಪತಿಯ ಓಡಾಟ ಮುಗಿದಿರುತ್ತದೆ. ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಹೊಲಗಳಲ್ಲಿ ರಾಜಗಿರಿ ತೆನೆ ಕೆಂಪಾಗಿ ನಿಂತಿರುತ್ತದೆ. ಇನ್ನೊಂದು ವಿಷಯ. ದಾರಿಯಲ್ಲಿ ಸಿಗುವ ಜೌನ್ಸಾರ್-ಬಾವರ್ ಪ್ರದೇಶದಲ್ಲಿ ದೀಪಾವಳಿ ನಮಗಿಂತ ಸುಮಾರು ಒಂದು ತಿಂಗಳು ತಡ, ಅದಕ್ಕೆ ‘ಬೂಢಿ ದಿವಾಳಿ’ ಎನ್ನುತ್ತಾರೆ. ಚಳಿ ತಡೆಯುವವರು ಆ ಸಮಯ ನೋಡಿ ಹೋಗಬಹುದು.

ಟಿಕೆಟ್

2024ರ ನವೆಂಬರ್‌ನಿಂದ ರೈಲು ಟಿಕೆಟ್ ತೆರೆಯುವುದು 60 ದಿನ ಮೊದಲು ಮಾತ್ರ. ಮೊದಲಿನ ಹಾಗೆ ನಾಲ್ಕು ತಿಂಗಳ ಹಿಂದೆಯೇ ಬುಕ್ ಮಾಡಿ ಆರಾಮಾಗಿರಲು ಆಗುವುದಿಲ್ಲ. ಬಾಂದ್ರಾ ಮತ್ತು ಕುರ್ಲಾ ಟರ್ಮಿನಸ್‌ಗಳಿಂದ ಹರಿದ್ವಾರಕ್ಕೆ ನೇರ ರೈಲುಗಳಿವೆ, ಆದರೆ ಕೆಲವು ವಾರಕ್ಕೆ ಒಂದೆರಡು ದಿನ ಮಾತ್ರ ಓಡುತ್ತವೆ. ನಮಗೆ ಹೊಂದಿದ್ದು ಮುಂಬೈ ಸೆಂಟ್ರಲ್‌ನಿಂದ ಸಂಜೆಯ ರಾಜಧಾನಿ. ಬೆಳಿಗ್ಗೆ ದೆಹಲಿ, ಅಲ್ಲಿಂದ ರೈಲೋ ಬಸ್ಸೋ ಹಿಡಿದರೆ ಶನಿವಾರ ಸಂಜೆಗೆ ಡೆಹ್ರಾಡೂನ್. ವಿಮಾನದಲ್ಲಿ ಹೋಗುವವರು ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಇಡಬೇಕು, ಚಾರಣದ ಕೋಲನ್ನು ಚೆಕ್-ಇನ್ ಬ್ಯಾಗಿಗೆ ಹಾಕಬೇಕು. ಸ್ಟೌವಿನ ಗ್ಯಾಸ್ ಡಬ್ಬಿ ಎರಡರಲ್ಲೂ ಹೋಗುವುದಿಲ್ಲ.

ಮೂರು ತಿಂಗಳು ಮೊದಲು: ಕಾಲಿಗೆ ಪಾಠ

ಈ ವಿಷಯದಲ್ಲಿ ಮುಂಬೈಯವರು ಅದೃಷ್ಟವಂತರು. ಸಹ್ಯಾದ್ರಿ ಲೋಕಲ್ ಟ್ರೇನಿನ ದೂರದಲ್ಲಿದೆ. ಮೊದಲ ತಿಂಗಳು ಲಿಫ್ಟ್ ಮರೆತುಬಿಡಿ, ಬೆನ್ನಿಗೆ ಐದಾರು ಕಿಲೋ ಹಾಕಿಕೊಂಡು ನಿಮ್ಮ ಬಿಲ್ಡಿಂಗಿನ ಮೆಟ್ಟಿಲು ಹತ್ತಿ ಇಳಿಯಿರಿ. ನೆರೆಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಪಶ್ಚಿಮ ಲೈನಿನವರಿಗೆ ಬೊರಿವ್ಲಿ ಉದ್ಯಾನದ ಕಾನ್ಹೇರಿ ಗುಹೆಗಳ ದಾರಿ ಇದೆ. ಎರಡನೇ ತಿಂಗಳು ಲೋಣಾವಳದಿಂದ ರಾಜಮಾಚಿ, ಅದು ಉದ್ದ ನಡಿಗೆಗೆ ಅಭ್ಯಾಸ. ಕೊನೆಗೆ ಕಸಾರಾದಲ್ಲಿ ಇಳಿದು ಬಾರಿ ಹಳ್ಳಿಯಿಂದ ಕಳಸೂಬಾಯಿ, 1,646 ಮೀಟರ್, ಮಹಾರಾಷ್ಟ್ರದ ಅತಿ ಎತ್ತರದ ಶಿಖರ.

ಇವೆಲ್ಲ ಮಳೆಗಾಲದಲ್ಲೇ ಆಗಲಿ. ರೇನ್‌ಕೋಟ್ ಎಲ್ಲಿ ಸೋರುತ್ತದೆ, ಶೂ ಎಲ್ಲಿ ಕಚ್ಚುತ್ತದೆ ಎಂದು ಇಲ್ಲೇ ಗೊತ್ತಾಗುತ್ತದೆ. ಹೊರಡುವ ಹಿಂದಿನ ದಿನ ಕೊಂಡ ಹೊಸ ಶೂ ಹಾಕಿ ನಾನು ಹೆಬ್ಬೆರಳಿನ ಉಗುರು ಕಳೆದುಕೊಂಡಿದ್ದೇನೆ. ಇಳಿಜಾರಿನಲ್ಲಿ ಬೆರಳು ಮುಂದೆ ಗುದ್ದದಷ್ಟು ಜಾಗ ಇರಬೇಕು, ದಪ್ಪ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ.

ಒಂದು ಎಚ್ಚರಿಕೆ. ಕಳಸೂಬಾಯಿ ಹತ್ತಿದವರಿಗೆ ಹಿಮಾಲಯ ಸುಲಭ ಎಂದುಕೊಳ್ಳಬೇಡಿ. ಸಹ್ಯಾದ್ರಿ ಕಾಲನ್ನು ಗಟ್ಟಿ ಮಾಡುತ್ತದೆ, ಎತ್ತರದ ಗಾಳಿಗೆ ಒಗ್ಗಿಸುವುದಿಲ್ಲ. 3,500 ಮೀಟರ್ ಎತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ದಾದರ್ ಚೌಪಾಟಿಯಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲು ಮಾತ್ರ.

ಭಾನುವಾರ: ಅಶೋಕನ ಬಂಡೆ

ಡೆಹ್ರಾಡೂನ್‌ನಿಂದ, ಚಾರಣಕ್ಕೆ ಹೊರಡುವ ಊರಾದ ಸಾಂಕ್ರಿಗೆ ಎಲ್ಲರೂ ಮಸೂರಿ, ಪುರೋಲಾ ಮೇಲೆ ಒಂದೇ ದಿನದಲ್ಲಿ ಓಡುತ್ತಾರೆ. ಆ ದಾರಿಯನ್ನು ವಾಪಸ್ ಬರಲು ಇಟ್ಟುಕೊಳ್ಳಿ. ಹೋಗುವಾಗ ವಿಕಾಸನಗರದ ಕಡೆಯಿಂದ ಕಾಲ್ಸಿಗೆ ಹೋಗಿ. ತೋನ್ಸ್ ನದಿ ಯಮುನೆಯನ್ನು ಸೇರುವುದು ಇದರ ಹತ್ತಿರವೇ. ಸೇರುವ ಜಾಗದಲ್ಲಿ ತೋನ್ಸ್‌ನಲ್ಲೇ ನೀರು ಜಾಸ್ತಿ, ಹೆಸರು ಮಾತ್ರ ಯಮುನೆಗೆ ಹೋಯಿತು!

ಕಾಲ್ಸಿಯಲ್ಲಿ ಒಂದು ದೊಡ್ಡ ಬಂಡೆ, ಅದರ ಮೇಲೆ ಅಶೋಕನ 14 ಶಾಸನಗಳು. ಪಕ್ಕದ ಮುಖದಲ್ಲಿ ಒಂದು ಆನೆಯ ಚಿತ್ರ, ಅದರ ಕೆಳಗೆ ‘ಗಜತಮೆ’, ಅಂದರೆ ಶ್ರೇಷ್ಠ ಆನೆ, ಎಂಬ ಬರಹ. ಇಂಗ್ಲಿಷರ ಕಣ್ಣಿಗೆ ಇದು ಬಿದ್ದಿದ್ದು 1860ರಲ್ಲಿ. 13ನೇ ಶಾಸನದಲ್ಲಿ ಕಳಿಂಗ ಯುದ್ಧದ ಪಶ್ಚಾತ್ತಾಪವಿದೆ, ಟಾಲೆಮಿಯಂಥ ಗ್ರೀಕ್ ರಾಜರ ಹೆಸರುಗಳಿವೆ. ಹೋಗುವ ಮೊದಲು ಮನೆಪಾಠ ಮಾಡಿಕೊಂಡರೆ ಇಲ್ಲಿ ಒಂದು ಗಂಟೆ ಸಾಲುವುದಿಲ್ಲ. ಪಾಠ ಎಲ್ಲಿ ಎಂದರೆ ಕಾಲಾ ಘೋಡಾದ ಪಕ್ಕದ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲಿ. ನಾಲಾಸೋಪಾರಾದಲ್ಲಿ 1882ರಲ್ಲಿ ಸಿಕ್ಕ, 8ನೇ ಶಾಸನದ ತುಂಡು ಅಲ್ಲಿದೆ. ನಮ್ಮ ವಿರಾರ್ ಲೋಕಲ್ ನಿಲ್ಲುವ ಊರು ಮತ್ತು ಹಿಮಾಲಯದ ಬುಡದ ಈ ಹಳ್ಳಿ, ಎರಡಕ್ಕೂ ಒಬ್ಬನೇ ರಾಜ ಒಂದೇ ಮಾತು ಬರೆಸಿದ್ದ. ಅಶೋಕ ಎಂಬ ಹೆಸರನ್ನೇ ಬರೆಸಿದ್ದು ನಮ್ಮ ರಾಯಚೂರಿನ ಮಸ್ಕಿಯ ಬಂಡೆಯ ಮೇಲೆ ಎಂದು ಶಾಲೆಯಲ್ಲಿ ಓದಿದ್ದು ಅಲ್ಲಿ ನಿಂತಾಗ ನೆನಪಾಯಿತು.

ಸಂಜೆಗೆ ದೇವದಾರು ಕಾಡಿನ ಚಕ್ರಾತಾ, ಸುಮಾರು 2,100 ಮೀಟರ್. ಇದು ಸೇನೆಯ ಊರು. ವಿದೇಶಿ ಪಾಸ್‌ಪೋರ್ಟ್ ಇರುವವರಿಗೆ ನಿರ್ಬಂಧವಿದೆ. ಅಮೆರಿಕದ ಮಗ, ಸೊಸೆ ಜೊತೆಗಿದ್ದರೆ ಅವರನ್ನು ಮಸೂರಿ ದಾರಿಯಲ್ಲೇ ಕಳಿಸಿ.

ಸೋಮವಾರ: ದೂರು ಕೇಳುವ ದೇವರು

ಚಕ್ರಾತಾದಿಂದ ತ್ಯೂಣಿಗೆ ಇಳಿದರೆ ಮತ್ತೆ ತೋನ್ಸ್ ಸಿಗುತ್ತದೆ. ಅದರ ದಂಡೆಯಲ್ಲೇ ಮುಂದೆ ಹನೋಲ್, ಮಹಾಸು ದೇವರ ಸ್ಥಾನ. ಮರ ಮತ್ತು ಕಲ್ಲನ್ನು ಹೆಣೆದು ಕಟ್ಟಿದ ಗುಡಿ. ಮಹಾಸು ಎಂದರೆ ನಾಲ್ವರು ಅಣ್ಣತಮ್ಮಂದಿರು: ಬೋಠಾ, ಪಬಾಸಿಕ್, ವಾಸಿಕ್, ಚಾಲ್ದಾ. ಬೋಠಾ ಹನೋಲ್ ಬಿಟ್ಟು ಕದಲುವುದಿಲ್ಲ. ಚಾಲ್ದಾ ಪಲ್ಲಕ್ಕಿಯಲ್ಲಿ ಊರೂರು ಸುತ್ತುತ್ತಾನೆ, ಒಂದೊಂದು ಸೀಮೆಯಲ್ಲಿ ವರ್ಷಗಟ್ಟಲೆ ಉಳಿಯುತ್ತಾನೆ.

ಇಲ್ಲಿ ಜನ ವರ ಕೇಳುವುದಕ್ಕಿಂತ ನ್ಯಾಯ ಕೇಳಲು ಬರುವುದು ಹೆಚ್ಚು. ಜಮೀನಿನ ಜಗಳ, ಕಳ್ಳತನ, ಕೊಟ್ಟ ಮಾತು ತಪ್ಪಿದ್ದು, ಎಲ್ಲವೂ ಮಹಾಸುವಿನ ಮುಂದೆ. ಉತ್ತರದವರಿಗೆ ಇದನ್ನು ವಿವರಿಸಿ ಹೇಳಬೇಕಾಗಬಹುದು. ಧರ್ಮಸ್ಥಳಕ್ಕೆ ದೂರು ಕೊಡುತ್ತೇನೆ ಎಂದು ಬೆದರಿಸುವುದನ್ನು ಕೇಳಿ ಬೆಳೆದ, ದೈವದ ಅಪ್ಪಣೆಗೆ ತಲೆಬಾಗುವ ನಮ್ಮ ಊರಿನವರಿಗೆ ಬೇಕಿಲ್ಲ. ಜೊತೆಗಿದ್ದ ಉಡುಪಿ ಕಡೆಯ ಗೆಳೆಯ ಅಲ್ಲಿ ಎರಡು ಗಂಟೆ ಕೂತ. ‘ಇದು ನಮ್ಮ ದೈವದ ಚಾವಡಿಯೇ ಮಾರಾಯಾ’ ಎಂದ.

ಸಂಜೆಯೊಳಗೆ ಮೋರಿ ದಾಟಿ ನೈಟ್‌ವಾಡ್ ತಲುಪಿ. ರೂಪಿನ್ ಮತ್ತು ಸೂಪಿನ್ ಎಂಬ ಎರಡು ನದಿ ಇಲ್ಲಿ ಕೂಡಿ ತೋನ್ಸ್ ಆಗುತ್ತದೆ. ಮುಂದಿನ ಕಣಿವೆ ಗೋವಿಂದ ಪಶು ವಿಹಾರದ ಕಾಡು, ಹಿಮಚಿರತೆಯ ಸೀಮೆ. ಅರಣ್ಯ ಇಲಾಖೆಯ ಚೆಕ್‌ಪೋಸ್ಟ್‌ನಲ್ಲಿ ಪ್ರವೇಶ ಶುಲ್ಕ ಕಟ್ಟಬೇಕು. ಗುರುತಿನ ಚೀಟಿಯ ನಕಲು ಮೂರ್ನಾಲ್ಕು ಇರಲಿ, ವೈದ್ಯರ ಪ್ರಮಾಣಪತ್ರವೂ ಇರಲಿ. ನಗದು ಡೆಹ್ರಾಡೂನ್‌ನಲ್ಲೇ ತೆಗೆದಿಟ್ಟುಕೊಳ್ಳಿ. ಫೋನಿನಿಂದ ಹಣ ಕಳಿಸುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ.

ಹತ್ತಿರದ ದೇವ್ರಾ ಎಂಬ ಹಳ್ಳಿಯಲ್ಲಿ ಕರ್ಣನ ಗುಡಿ ಇದೆ. ಹೌದು, ಮಹಾಭಾರತದ ಕರ್ಣ. ಈ ಕಣಿವೆಯ ಕೆಲವು ಊರುಗಳಲ್ಲಿ ದುರ್ಯೋಧನನನ್ನೂ ಪೂಜಿಸುತ್ತಿದ್ದರು. ಅವನು ಸತ್ತಾಗ ಜನ ಸುರಿಸಿದ ಕಣ್ಣೀರೇ ತೋನ್ಸ್ ಎಂಬ ಕಥೆ ಇದೆ. ಮುಂಬೈನ ಸಭಾಂಗಣಗಳಲ್ಲಿ ಯಕ್ಷಗಾನದ ಕೌರವ ತೊಡೆ ತಟ್ಟಿ ಬಂದಾಗ ನಾವು ಶಿಳ್ಳೆ ಹೊಡೆಯುವುದಿಲ್ವಾ? ಅಂಥವರಿಗೆ ಇದು ಆಶ್ಚರ್ಯವಾಗಬಾರದು. ಆದರೆ ಈಗ ಊರಿನ ಹಲವರು ತಮ್ಮ ದೇವರು ಸೋಮೇಶ್ವರ, ಅಂದರೆ ಶಿವ ಎನ್ನುತ್ತಾರೆ. ‘ಇದು ದುರ್ಯೋಧನನ ಗುಡಿ ಅಲ್ವಾ?’ ಎಂದು ವಾದಕ್ಕೆ ಇಳಿಯಬೇಡಿ. ಕೇಳದೆ ಗುಡಿಯ ಕಟ್ಟೆ ಹತ್ತಬೇಡಿ, ಚರ್ಮದ ಬೆಲ್ಟ್ ಬಿಚ್ಚಿಡಿ, ಫೋಟೋಕ್ಕೆ ಮೊದಲು ಅನುಮತಿ ಕೇಳಿ.

ರಾತ್ರಿ ಸಾಂಕ್ರಿ, 1,900 ಮೀಟರಿಗೆ ಸ್ವಲ್ಪ ಮೇಲೆ. ಮಂಗಳವಾರ ಇಲ್ಲೇ ಇರಿ, ಪಕ್ಕದ ಸೌಡ್ ಹಳ್ಳಿಗೆ ಸುಮ್ನೆ ನಡೆದು ಬನ್ನಿ. ಗೈಡ್ ಇಲ್ಲಿಯವರೇ ಆಗಲಿ. ಮುಂಬೈನಿಂದಲೇ ತಂಡದ ಜೊತೆ ಹೋಗುವುದಾದರೆ ಮೂರು ಪ್ರಶ್ನೆ ಕೇಳಿ: ಒಬ್ಬ ಗೈಡಿಗೆ ಎಷ್ಟು ಜನ, ಆಕ್ಸಿಜನ್ ಸಿಲಿಂಡರ್ ಜೊತೆಗೆ ಬರುತ್ತದೆಯೇ, ಒಬ್ಬರಿಗೆ ಹುಷಾರು ತಪ್ಪಿದರೆ ಕೆಳಗೆ ಕರೆದೊಯ್ಯುವವರು ಯಾರು. ಮೂರನೆಯದಕ್ಕೆ ತಡವರಿಸಿದರೆ ಬೇರೆಯವರನ್ನು ನೋಡಿ.

ಬುಧವಾರದಿಂದ: ನಡಿಗೆ

ಸಾಂಕ್ರಿಯಿಂದ ತಾಲುಕಾಕ್ಕೆ ಜೀಪು. ಅಲ್ಲಿಂದ ಸೂಪಿನ್ ದಂಡೆಯಲ್ಲಿ ನಡೆದು ಗಂಗಾಡ್‌ನಲ್ಲಿ ರಾತ್ರಿ. ಗುರುವಾರ ಓಸ್ಲಾ, ಸುಮಾರು 2,500 ಮೀಟರ್. ನಡಿಗೆ ಕಡಿಮೆ, ಮಧ್ಯಾಹ್ನದೊಳಗೆ ಮುಗಿಯುತ್ತದೆ. ಮಿಕ್ಕ ಹೊತ್ತು ಊರಿಗೆ ಕೊಡಿ. ದೇವದಾರು ಮರದ ಕೆತ್ತನೆಯ ಗುಡಿ, ಕೆಳಗೆ ದನ ಮೇಲೆ ಜನ ಇರುವ ಮರದ ಮನೆಗಳು, ಅಂಗಳದಲ್ಲಿ ಉಣ್ಣೆ ನೂಲುವವರು. ಹೋಮ್‌ಸ್ಟೇ ಸಿಕ್ಕರೆ ಟೆಂಟ್ ಬೇಡ. ಮಡುವಾ ರೊಟ್ಟಿ ಕೇಳಿ. ಮಡುವಾ ಎಂದರೆ ಮುಂಬೈನ ನಾಚಣಿ, ಅಂದರೆ ನಮ್ಮ ರಾಗಿಯೇ! ಜೊತೆಗೆ ರಾಜ್ಮಾ. ನಾವು ಹೊತ್ತುಕೊಂಡು ಹೋದ ಚಟ್ನಿಪುಡಿಯನ್ನು ಆ ಮನೆಯ ಅಜ್ಜಿ ರೊಟ್ಟಿಗೆ ಹಚ್ಚಿಕೊಂಡು ತಿಂದರು, ಇನ್ನೊಂದು ಚಮಚ ಕೇಳಿದರು.

ಶುಕ್ರವಾರ ಕಲ್ಕತಿಯಾಧಾರ್ ಹತ್ತಿರ ಸುಮಾರು 3,000 ಮೀಟರಿನಲ್ಲಿ ಟೆಂಟ್. ಓಸ್ಲಾದಿಂದ ನೇರ ಹರ್ ಕಿ ದೂನ್‌ಗೆ ಹೋಗಿ ಮಲಗಿದರೆ ಒಂದೇ ದಿನಕ್ಕೆ 1,000 ಮೀಟರ್ ಏರಿದಂತೆ. 3,000 ಮೀಟರಿನ ಆಸುಪಾಸಿನಿಂದ ಮೇಲೆ, ಮಲಗುವ ಎತ್ತರ ದಿನಕ್ಕೆ 300ರಿಂದ 500 ಮೀಟರಿಗಿಂತ ಜಾಸ್ತಿ ಏರಬಾರದು. ಹಾಗಾಗಿ ಶನಿವಾರ ಮುಂಜಾನೆ ಹೊರಟು 3,560 ಮೀಟರಿನ ಹರ್ ಕಿ ದೂನ್ ನೋಡಿ, ಮತ್ತೆ ಇದೇ ಟೆಂಟಿಗೆ ಬಂದು ಮಲಗಿ. ಎದುರಿಗೆ 6,252 ಮೀಟರಿನ ಸ್ವರ್ಗಾರೋಹಿಣಿ. ಪಾಂಡವರು ಸ್ವರ್ಗಕ್ಕೆ ನಡೆದದ್ದು ಇದರ ಮೇಲಿಂದ ಎನ್ನುತ್ತಾರೆ.

ತಲೆನೋವು, ವಾಕರಿಕೆ, ಊಟ ಬೇಡ ಅನಿಸುವುದು, ತಲೆ ಸುತ್ತು. ಇವು ಬಂದರೆ ಮುಚ್ಚಿಡಬೇಡಿ, ಮೇಲೆ ಹತ್ತಬೇಡಿ. ಕಡಿಮೆಯಾಗದಿದ್ದರೆ ಇಳಿಯಿರಿ, ರಾತ್ರಿಯಾದರೂ ಸರಿ. ತೂರಾಡುತ್ತಾ ನಡೆಯುವವರನ್ನು, ಕೂತಲ್ಲೇ ಏದುಸಿರು ಬಿಡುವವರನ್ನು ಒಬ್ಬರೇ ಕಳಿಸಬೇಡಿ. ಎತ್ತರದ ಈ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ಮುಂಬೈನಲ್ಲೇ ವೈದ್ಯರನ್ನು ಕೇಳಿ ತೆಗೆದುಕೊಳ್ಳಿ. ಸಲ್ಫಾ ಅಲರ್ಜಿ ಇದ್ದರೆ ಅದನ್ನು ತಪ್ಪದೆ ಹೇಳಿ.

ಭಾನುವಾರ, ಸೋಮವಾರ ಎರಡು ದಿನ ನಿಧಾನ ಇಳಿದು ಸಾಂಕ್ರಿಗೆ ಬನ್ನಿ. ಮಳೆಗೆ ಒಂದು ದಿನ ಮೇಲೇ ಹೋಗಿದ್ದರೆ ಈ ಎರಡನ್ನು ಒಂದೇ ಉದ್ದ ದಿನ ಮಾಡಬಹುದು.

ವಾಪಸ್

ಮಂಗಳವಾರ ಪುರೋಲಾ ದಾರಿ. ಹೊತ್ತಿದ್ದರೆ ಲಾಖಾಮಂಡಲಕ್ಕೆ ತಿರುಗಿ. ಅರಗಿನ ಮನೆ ಇದ್ದದ್ದು ಇಲ್ಲೇ ಎಂದು ಊರಿನವರ ನಂಬಿಕೆ. ನೀರು ಸುರಿದರೆ ನಮ್ಮ ಮುಖ ಕಾಣುವಷ್ಟು ನುಣುಪಾದ ಲಿಂಗವಿದೆ. ಈಶ್ವರಾ ಎಂಬ ರಾಜಕುಮಾರಿ ತೀರಿಹೋದ ಗಂಡನಿಗಾಗಿ ಶಿವನ ಗುಡಿ ಕಟ್ಟಿಸಿದಳು ಎಂದು ಅಲ್ಲಿನ ಹಳೆಯ ಶಾಸನ ಹೇಳುತ್ತದೆ. ನನಗೆ ಅರಗಿನ ಮನೆಗಿಂತ ಆ ಹುಡುಗಿಯ ಕಥೆಯೇ ಹೆಚ್ಚು ಕಾಡಿತು.

ಪುರೋಲಾದಲ್ಲಿ ಕೆಂಪಕ್ಕಿ ಮತ್ತು ರಾಜ್ಮಾ ಕೊಳ್ಳಲು ಬ್ಯಾಗಿನಲ್ಲಿ ಜಾಗ ಬಿಟ್ಟಿರಿ. ವಿಮಾನದಲ್ಲಿ ಬರುವವರು ತೂಕ ನೋಡಿಕೊಳ್ಳಿ. ಮನೆಗೆ ಬಂದು ಅದನ್ನು ಕುಚ್ಚಲಕ್ಕಿ ಬೇಯಿಸುವ ಹಾಗೆ ಬೇಯಿಸಬೇಡಿ. ಅದು ಬೆಳ್ತಿಗೆ, ಬೇಗ ಬೇಯುತ್ತದೆ. ನಮ್ಮ ಮೊದಲ ಕಿಲೋ ಪೂರ್ತಿ ಗಂಜಿಯಾಯಿತು.