ಪಾರ್ಕಿನ್ಸನ್‌ಗೆ ಯಾವ ವ್ಯಾಯಾಮ? ನಾನು ಆಯ್ದುಕೊಂಡ ಬಗೆ

ನನಗೆ ಪಾರ್ಕಿನ್ಸನ್ ಕಾಯಿಲೆ ಇದೆ ಅಂತ ಗೊತ್ತಾದ ಮೇಲೆ ಮನೆಗೆ ಬಂದವರೆಲ್ಲ ಒಂದೊಂದು ವ್ಯಾಯಾಮ ಹೇಳಿದರು. ನಾದಿನಿ ಯೋಗ ಅಂದಳು. ಪಕ್ಕದ ಮನೆಯವರು ಬೆಳಗಿನ ವಾಕಿಂಗ್ ಸಾಕು ಅಂದರು. ಮಗಳು ಜಿಮ್‌ಗೆ ಸೇರಮ್ಮಾ ಅಂದಳು. ಯಾರು ಹೇಳಿದ್ದೂ ಸುಳ್ಳಲ್ಲ. ಆದರೆ ಈ ಕಾಯಿಲೆ ಒಬ್ಬೊಬ್ಬರನ್ನು ಒಂದೊಂದು ರೀತಿ ಕಾಡುತ್ತದೆ. ಅದಕ್ಕೇ ಮೊದಲು ನನ್ನ ದಿನವನ್ನು ಕೆಡಿಸುತ್ತಿರುವುದು ಯಾವ ತೊಂದರೆ ಅಂತ ಡೈರಿಯಲ್ಲಿ ಬರೆಯತೊಡಗಿದೆ.

ನೋಡುವವರ ಕಣ್ಣಿಗೆ ಬೀಳುತ್ತಿದ್ದದ್ದು ಬಲಗೈ ನಡುಕ. ನನಗೆ ನಿಜವಾಗಿ ತೊಂದರೆ ಕೊಡುತ್ತಿದ್ದದ್ದು ಬೇರೆ. ನಡೆಯುವಾಗ ಬಲಗೈ ಬೀಸುತ್ತಿರಲಿಲ್ಲ, ಹೆಜ್ಜೆ ಚಿಕ್ಕದಾಗಿತ್ತು. ಅಡುಗೆಮನೆಯಲ್ಲಿ ಒಲೆಯಿಂದ ಸಿಂಕ್ ಕಡೆಗೆ ತಿರುಗುವಾಗ ಕಾಲು ನೆಲಕ್ಕೆ ಅಂಟಿಕೊಂಡ ಹಾಗೆ ನಿಂತುಬಿಡುತ್ತಿತ್ತು. ತಗ್ಗಾದ ಸೋಫಾದಿಂದ ಏಳಲು ಯಾರಾದರೂ ಕೈ ಕೊಡಬೇಕಿತ್ತು. ಫೋನಿನಲ್ಲಿ ತಂಗಿ "ಅಕ್ಕಾ, ಸ್ವಲ್ಪ ಜೋರಾಗಿ ಮಾತಾಡೇ" ಅಂತ ಪದೇ ಪದೇ ಕೇಳುತ್ತಿದ್ದಳು. ಈ ಡೈರಿ ಹಿಡಿದುಕೊಂಡೇ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಅವರು ನರಗಳ ಕಾಯಿಲೆ ಇರುವವರನ್ನೇ ಜಾಸ್ತಿ ನೋಡುವವರು. ಸಾಧ್ಯವಾದರೆ ಅಂಥವರನ್ನೇ ಹುಡುಕಿಕೊಂಡು ಹೋಗಿ. ಮಂಡಿನೋವಿನ ವ್ಯಾಯಾಮವನ್ನೇ ನಮಗೂ ಮಾಡಿಸಿದರೆ ಅಷ್ಟೇನೂ ಪ್ರಯೋಜನ ಇಲ್ಲ.

ಅಲ್ಲಿ ಮೊದಲು ತೀರ್ಮಾನವಾದದ್ದು ಹೊತ್ತು. ನಾನು ಈ ಕಾಯಿಲೆಯ ಮುಖ್ಯ ಔಷಧಿಯಾದ ಲೆವೋಡೋಪಾ ಮಾತ್ರೆ ತಗೊಳ್ಳುತ್ತೇನೆ. ನುಂಗಿದ ಮುಕ್ಕಾಲು ಗಂಟೆಗೆ ಮೈ ಸಡಿಲವಾಗುತ್ತದೆ. ಮುಂದಿನ ಮಾತ್ರೆಯ ಹೊತ್ತು ಬರುವಷ್ಟರಲ್ಲಿ ಮತ್ತೆ ಬಿಗಿ. ನಸುಕಿನಲ್ಲೇ ಎದ್ದು ವಾಕಿಂಗ್ ಹೋಗುವುದು ಬೇರೆಯವರಿಗೆ ಚೆನ್ನ, ನನಗಲ್ಲ. ಏಳಕ್ಕೆ ಮಾತ್ರೆ, ಏಳೂಮುಕ್ಕಾಲಿಗೆ ವ್ಯಾಯಾಮ. ಹಾಲು, ಬೇಳೆ, ಮೊಟ್ಟೆಯಲ್ಲಿರುವ ಪ್ರೋಟೀನ್ ಈ ಮಾತ್ರೆಯ ಜೊತೆ ಪೈಪೋಟಿಗಿಳಿಯುತ್ತದೆ, ಔಷಧಿ ಮಿದುಳಿಗೆ ಸೇರುವುದು ಕಡಿಮೆಯಾಗುತ್ತದೆ. ಹಾಗಾಗಿ ಹಾಲು ಹಾಕಿದ ಕಾಫಿಯನ್ನೂ ಸ್ವಲ್ಪ ತಡವಾಗಿ ಕುಡಿಯುತ್ತೇನೆ.

ಆಮೇಲೆ ಬಂದದ್ದು ಎಷ್ಟು ಶ್ರಮಪಡಬೇಕು ಅನ್ನುವ ಪ್ರಶ್ನೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದರೆ ನಮ್ಮಲ್ಲಿ ಕಾಯಿಲೆಯವರಿಗೆ "ಆಯಾಸ ಮಾಡ್ಕೋಬೇಡಿ" ಅನ್ನುವವರೇ ಹೆಚ್ಚು. 2018ರಲ್ಲಿ ಅಮೆರಿಕದ ಒಂದು ಅಧ್ಯಯನದ ಫಲಿತಾಂಶ ಬಂತು. ಇನ್ನೂ ಔಷಧಿ ಶುರು ಮಾಡದ 128 ಪಾರ್ಕಿನ್ಸನ್ ರೋಗಿಗಳು ಅದರಲ್ಲಿದ್ದರು. ಒಂದು ಗುಂಪಿನವರು ಟ್ರೆಡ್‌ಮಿಲ್ ಮೇಲೆ ಹೃದಯದ ಗರಿಷ್ಠ ಬಡಿತದ 80ರಿಂದ 85% ಮುಟ್ಟುವಷ್ಟು ಜೋರಾಗಿ ನಡೆದರು. ಆರು ತಿಂಗಳಾದ ಮೇಲೂ ಅವರ ಚಲನೆಯ ತೊಂದರೆ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ವ್ಯಾಯಾಮ ಬದಲಿಸದವರದು ಜಾಸ್ತಿಯಾಗಿತ್ತು. ಸಾಧಾರಣ ವೇಗದ ಗುಂಪಿನಲ್ಲಿ ಅಷ್ಟು ಸ್ಪಷ್ಟವಾದ ಲಾಭ ಕಾಣಲಿಲ್ಲ. ಇದನ್ನು ಓದಿದ ಮೇಲೆ, ಪಾರ್ಕಿನಲ್ಲಿ ಮಾತಾಡುತ್ತಾ ನಿಧಾನಕ್ಕೆ ಸುತ್ತುವುದನ್ನು ನಾನು ವ್ಯಾಯಾಮದ ಲೆಕ್ಕಕ್ಕೆ ಸೇರಿಸುವುದನ್ನು ಬಿಟ್ಟೆ. ಅದು ಮನಸ್ಸಿಗೆ ಒಳ್ಳೆಯದು, ಈಗಲೂ ಹೋಗುತ್ತೇನೆ.

ಹೆಜ್ಜೆ ಸಿಕ್ಕಿಕೊಳ್ಳುವ ನನಗೆ ಟ್ರೆಡ್‌ಮಿಲ್ ಬೇಡ ಅನ್ನಿಸಿತು. ಓಡುವ ಪಟ್ಟಿಯ ಮೇಲೆ ಕಾಲು ನಿಂತುಬಿಟ್ಟರೆ ಬೀಳುವುದೇ. ನಿಂತಲ್ಲೇ ತುಳಿಯುವ ವ್ಯಾಯಾಮದ ಸೈಕಲ್ ತಗೊಂಡೆವು. ನೆದರ್‌ಲೆಂಡ್ಸ್‌ನಲ್ಲಿ ಬಾಸ್ ಬ್ಲೂಮ್ ಅನ್ನುವ ವೈದ್ಯರ ತಂಡ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ರೋಗಿಗಳು ಮನೆಯಲ್ಲೇ ಇಂಥ ಸೈಕಲ್ ತುಳಿದು ಉಪಯೋಗ ಪಡೆದಿದ್ದರು. ಇದೇ ವೈದ್ಯರು 2010ರಲ್ಲಿ ಇನ್ನೊಂದು ಸಂಗತಿ ತೋರಿಸಿದ್ದರು. ಕಾಲು ನೆಲಕ್ಕೆ ಅಂಟಿಕೊಂಡ ಹಾಗಾಗಿ ನಾಲ್ಕು ಹೆಜ್ಜೆ ಇಡಲಾಗದ ಒಬ್ಬ ರೋಗಿ ಸೈಕಲ್ ಹತ್ತಿದರೆ ಸರಾಗವಾಗಿ ಹೊಡೆಯುತ್ತಿದ್ದರು. ಅದು ನನಗೆ ದೊಡ್ಡ ಧೈರ್ಯ ಕೊಟ್ಟಿತು.

ನನಗೆ 63 ವರ್ಷ. 220ರಿಂದ ವಯಸ್ಸು ಕಳೆದರೆ 157. ಅದರ 80% ಅಂದರೆ ನಿಮಿಷಕ್ಕೆ ಸುಮಾರು 126 ಬಡಿತ. ಹೃದಯ ತಪಾಸಣೆ ಮಾಡಿಸಿ, ಡಾಕ್ಟರು ಒಪ್ಪಿದ ಮೇಲೆ, ತಿಂಗಳುಗಟ್ಟಲೆ ನಿಧಾನಕ್ಕೆ ಏರಿಸುತ್ತಾ ಅಲ್ಲಿಗೆ ಬಂದೆ. ಬಿಪಿಗೋ ನಡುಕಕ್ಕೋ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರಿಗೆ ಈ ಲೆಕ್ಕ ಹೊಂದುವುದಿಲ್ಲ, ಆ ಮಾತ್ರೆ ಬಡಿತವನ್ನೇ ಇಳಿಸುತ್ತದೆ. ಅವರು ಉಸಿರನ್ನು ಗಮನಿಸಬೇಕು. ಒಂದೆರಡು ಮಾತು ಆಡಿದ ಮೇಲೆ ಉಸಿರು ಎಳೆದುಕೊಳ್ಳಬೇಕಾಗಿ ಬಂದರೆ ವ್ಯಾಯಾಮ ಜೋರಾಗಿಯೇ ನಡೆಯುತ್ತಿದೆ ಅಂತ ಅರ್ಥ.

ಸೈಕಲ್ ದಮ್ಮು ಕೊಟ್ಟಿತು. ಆದರೆ ಅಡುಗೆಮನೆಯಲ್ಲಿ ತಿರುಗುವಾಗಿನ ತೊಂದರೆಗೆ ಅದು ಏನೂ ಮಾಡಲಿಲ್ಲ, ಮಾಡಲು ಬರುವುದೂ ಇಲ್ಲ. ಅದಕ್ಕೆ ಸಮತೋಲನದ ಅಭ್ಯಾಸವೇ ಬೇಕು. ಅಮೆರಿಕದ ಆರೆಗನ್‌ನಲ್ಲಿ 195 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಾಯ್ ಚೀ ಅನ್ನುವ, ನಿಧಾನಕ್ಕೆ ಮಾಡುವ ಚೀನೀ ವ್ಯಾಯಾಮ ಕಲಿತವರ ಸಮತೋಲನ ಚೆನ್ನಾಗಿ ಸುಧಾರಿಸಿತ್ತು. ಬರೀ ಮೈ ಎಳೆಯುವ ವ್ಯಾಯಾಮ ಮಾಡಿದವರಿಗಿಂತ ಅವರು ಬೀಳುವುದೂ ಕಡಿಮೆಯಾಗಿತ್ತು. ನಮ್ಮ ಬಡಾವಣೆಯಲ್ಲಿ ತಾಯ್ ಚೀ ಕಲಿಸುವವರಿಲ್ಲ. ಮಹಿಳಾ ಸಮಾಜದಲ್ಲಿ ಕೋಲಾಟ ಇತ್ತು. ಫಿಸಿಯೋ ಹುಡುಗಿಯನ್ನು ಕೇಳಿದೆ. "ಖಂಡಿತ ಹೋಗಿ ಆಂಟಿ, ನಿಮಗೆ ಬೇಕಾದ್ದೆಲ್ಲ ಅದರಲ್ಲೇ ಇದೆ" ಅಂದಳು. ನಿಜ. ತಾಳ ಇದೆ, ತಾಳ ಕಿವಿಗೆ ಬಿದ್ದರೆ ನಿಂತ ಕಾಲು ಏಳುತ್ತದೆ. ಭಾರವನ್ನು ಒಂದು ಕಾಲಿಂದ ಇನ್ನೊಂದಕ್ಕೆ ಬದಲಿಸಬೇಕು. ಕೈ ಮೇಲೆತ್ತಿ ಅಗಲವಾಗಿ ಬೀಸಬೇಕು. ಹಾಡು, ಜೊತೆಯವರ ಕೋಲು, ಮುಂದಿನ ಹೆಜ್ಜೆ, ಮೂರರ ಮೇಲೂ ಗಮನ ಇರಬೇಕು. ಬಗ್ಗುವುದು, ಗಿರಗಿರ ತಿರುಗುವುದು ಮಾತ್ರ ನಾನು ಮಾಡುವುದಿಲ್ಲ. ನಾನು ಗೋಡೆಯ ಕಡೆ ಇರುತ್ತೇನೆ, ನನ್ನ ಜೋಡಿಗೆ ಕಾಯಿಲೆಯ ವಿಷಯ ಗೊತ್ತು. ತಿರುಗುವಾಗ ಒಂದೇ ಕಾಲಿನ ಮೇಲೆ ಸುತ್ತದೆ, ನಾಲ್ಕೈದು ಹೆಜ್ಜೆ ಇಟ್ಟು ಅಗಲವಾಗಿ ತಿರುಗುವುದನ್ನು ಅಲ್ಲೇ ರೂಢಿ ಮಾಡಿಕೊಂಡೆ. ಈಗ ಅಡುಗೆಮನೆಯಲ್ಲೂ ಹಾಗೇ ತಿರುಗುತ್ತೇನೆ. ಸಿಂಕ್ ಮುಂದೆ ನೆಲಕ್ಕೆ ಹಳದಿ ಟೇಪಿನ ಗೆರೆಗಳನ್ನೂ ಅಂಟಿಸಿದ್ದೇವೆ. ಕಾಲು ನಿಂತರೆ ಗೆರೆ ದಾಟುವ ಹಾಗೆ ಹೆಜ್ಜೆ ಎತ್ತುತ್ತೇನೆ.

ಈ ಕಾಯಿಲೆಯಲ್ಲಿ ಮಿದುಳು ಚಲನೆಯನ್ನು ಕುಗ್ಗಿಸಿಬಿಡುತ್ತದೆ, ಕುಗ್ಗಿದ್ದು ನಮಗೆ ತಿಳಿಯುವುದೂ ಇಲ್ಲ. ಸರಿಯಾಗಿಯೇ ಕೈ ಬೀಸುತ್ತಿದ್ದೇನೆ ಅಂತ ನಾನು ಅಂದುಕೊಂಡಿರುತ್ತಿದ್ದೆ. ಅದಕ್ಕೇ ಫಿಸಿಯೋ ಎಲ್ಲವನ್ನೂ ಅತಿಯಾಗಿ, ದೊಡ್ಡದಾಗಿ ಮಾಡಿಸುತ್ತಾರೆ. ದನಿಗೂ ಇದೇ ದಾರಿ. ದಿನಾ ದಾಸರ ಪದಗಳನ್ನು ಪಕ್ಕದ ಕೋಣೆಯಲ್ಲಿರುವ ಯಜಮಾನರಿಗೆ ಕೇಳುವಷ್ಟು ಗಟ್ಟಿಯಾಗಿ ಓದುತ್ತೇನೆ. ನನಗೆ ಕಿರುಚಿದ ಹಾಗೆ ಅನ್ನಿಸುತ್ತದೆ. ಅವರಿಗೆ ಮಾಮೂಲಿ ಮಾತಿನಷ್ಟೇ ಕೇಳುತ್ತದೆ.

ಸೋಫಾದಿಂದ ಏಳುವುದಕ್ಕೆ ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ದಿನ ಬಿಟ್ಟು ದಿನ ಮಾಡಿದರೆ ಸಾಕು, ತೊಡೆಗೆ ಬಲ ಬರುತ್ತದೆ.

ಯೋಗವನ್ನು ಬಿಟ್ಟಿಲ್ಲ. ಬಿಗಿತಕ್ಕೂ ಆತಂಕಕ್ಕೂ ಅದು ಬೇಕೇ ಬೇಕು. ಹಾಂಗ್‌ಕಾಂಗ್‌ನಲ್ಲಿ 138 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಧ್ಯಾನ ಸೇರಿದ ಯೋಗದಿಂದ ಆತಂಕ, ಖಿನ್ನತೆ ಕಡಿಮೆಯಾಗಿದ್ದವು. ಆದರೆ ಈ ಕಾಯಿಲೆ ಇರುವ ಎಷ್ಟೋ ಜನರಿಗೆ ಎದ್ದ ಕೂಡಲೇ ಬಿಪಿ ಇಳಿಯುತ್ತದೆ. ಅದಕ್ಕೆ ಶೀರ್ಷಾಸನ ಇಲ್ಲ, ದಡಬಡ ಸೂರ್ಯನಮಸ್ಕಾರ ಇಲ್ಲ. ವೃಕ್ಷಾಸನ ಗೋಡೆ ಹಿಡಿದು. ಶವಾಸನದಿಂದ ಪಕ್ಕಕ್ಕೆ ಹೊರಳಿ, ಕೂತು, ಸ್ವಲ್ಪ ಹೊತ್ತು ಬಿಟ್ಟು ಏಳುತ್ತೇನೆ.

ನಡುಕ ಮಾತ್ರ ಹೆಚ್ಚೇನೂ ಬದಲಾಗಲಿಲ್ಲ. ನಡುಕ ನಿಲ್ಲುತ್ತದೆ ಅಂತ ನಂಬಿ ಶುರು ಮಾಡಿದವರು ಬೇಗ ಕೈಬಿಡುತ್ತಾರೆ, ಅದಕ್ಕೇ ಇದನ್ನು ಮುಚ್ಚಿಡದೆ ಹೇಳುತ್ತಿದ್ದೇನೆ. ಮಾತ್ರೆಯನ್ನು ನನ್ನಷ್ಟಕ್ಕೆ ಕಮ್ಮಿ ಮಾಡಿಯೂ ಇಲ್ಲ. ಆದರೆ ಸೋಫಾದಿಂದ ನಾನೇ ಏಳುತ್ತೇನೆ, ತಂಗಿ ಫೋನಿನಲ್ಲಿ "ಏನಂದೆ?" ಅನ್ನುವುದು ಅಪರೂಪವಾಗಿದೆ.

ಇತ್ತೀಚೆಗೆ ಮಧ್ಯಾಹ್ನದ ಮಾತ್ರೆಯ ಪ್ರಭಾವ ಸಂಜೆ ಐದಕ್ಕೇ ಇಳಿಯತೊಡಗಿದೆ. ಕೋಲಾಟದ ಗೆಳತಿಯರು ನನಗಾಗಿ ಅಭ್ಯಾಸವನ್ನು ನಾಲ್ಕಕ್ಕೆ ಬದಲಿಸಿದ್ದಾರೆ. ಡೈರಿಯಲ್ಲಿ ಈಗ ಬಿಗಿ ಶುರುವಾದ ಹೊತ್ತನ್ನೂ ಬರೆಯುತ್ತಿದ್ದೇನೆ. ಮುಂದಿನ ಸಲ ಡಾಕ್ಟರಿಗೆ ಅದನ್ನು ತೋರಿಸಿ, ಮಾತ್ರೆಯ ಹೊತ್ತು ಬದಲಿಸಬೇಕೋ ವ್ಯಾಯಾಮದ ಹೊತ್ತೋ ಅಂತ ಕೇಳಬೇಕು.